ಡಾಕ್ಟರಮ್ಮನ ಕಾರಿಗೆ ಹಾಡು ಕೂರಿಸಿದ್ದು

ಡಾಕ್ಟರಮ್ಮ ಕಾರನ್ನು ತಂದು ಸ್ಟೀರಿಯೊ ಅಂಗಡಿಯ ಶೆಡ್ಡಿನೊಳಗೆ ನಿಲ್ಲಿಸಿದಾಗ ಮೆಕ್ಯಾನಿಕ್ ಒಮ್ಮೆ ಕಾರನ್ನು ನೋಡಿದ, ಒಮ್ಮೆ ತನ್ನ ಹೊಟ್ಟೆಯನ್ನು ನೋಡಿಕೊಂಡ. ಎರಡೇ ಸೀಟಿನ, ಮೇಲಿನ ಟಾಪನ್ನು ಮಡಚಿಡಬಹುದಾದ, ನೆಲಕ್ಕೆ ಅಂಟಿಕೊಂಡಂತಿದ್ದ, ಮಾಸಲು ನೀಲಿ ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು ಅದು. ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಬೇಕಾದರೆ ಸೀಟಿನ ಮೇಲೆ ಕಾಲು ಹಾಕಿ ತಲೆಕೆಳಗಾಗಿ ಇಳಿಯಬೇಕು. ಇಳಿಯುವುದೇನೋ ಇಳಿಯಬಹುದು, ಎದ್ದು ಬರುವುದು ಮಾತ್ರ ದೇವರಿಗೇ ಬಿಟ್ಟದ್ದು.

"ಇದಕ್ಕೆ ಸ್ಟೀರಿಯೊ ಹಾಕಿಸ್ಬೇಕಾ ಅಮ್ಮ?"

"ಸ್ಟೀರಿಯೊ, ಸ್ಪೀಕರು, ಆಂಪ್ಲಿಫೈಯರು. ಮೂರೂ."

"ಇಷ್ಟು ಪುಟ್ಟ ಕಾರಿಗೆ ಆಂಪ್ಲಿಫೈಯರ್ ಯಾಕೆ? ಒಳ್ಳೆ ಸ್ಪೀಕರ್ ಎರಡು ಹಾಕಿದ್ರೆ ಸಾಕಲ್ಲ."

"ನಾನು ಓಡಿಸೋದು ಟಾಪು ಮಡಚಿ. ಗಾಳಿ ಒಂದು ಕಡೆ, ಇಂಜಿನ್ ಒಂದು ಕಡೆ. ಹಾಡು ನನ್ನ ಕಿವಿಗೆ ಬರೋದ್ರೊಳಗೆ ಹಿಂದಿನ ಕಾರಿನವರ ಕಿವಿಗೆ ಹೋಗಿರುತ್ತೆ."

ಮೆಕ್ಯಾನಿಕ್ ನಕ್ಕ. ಕಾರು ಬಿಟ್ಟು ಹೋಗಿ, ನೋಡೋಣ ಅಂದ.

ಬೀದಿಯವರೆಲ್ಲ ಡಾಕ್ಟರಮ್ಮ ಎಂದು ಕರೆಯುತ್ತಿದ್ದರೂ ಅವರು ಡಾಕ್ಟರಲ್ಲ. ಡಾಕ್ಟರಾಗಿದ್ದವರು ಗಂಡ, ಅದೂ ಹಲ್ಲಿನ ಡಾಕ್ಟರು. ಇವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರವರ ಮಾತನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ನಿವೃತ್ತರಾದವರು. ದಿನವಿಡೀ ಬೇರೆಯವರ ಮಾತು ಕೇಳಿ ಬಂದವರಿಗೆ ಮನೆಯಲ್ಲಿ ಹಾಡು ಬೇಕಿತ್ತು. ದಿನವಿಡೀ ಡ್ರಿಲ್ಲಿನ ಕೊರೆತ ಕೇಳಿ ಬಂದ ಗಂಡನಿಗೆ ಯಾರೂ ಸದ್ದು ಮಾಡದಿದ್ದರೆ ಸಾಕಿತ್ತು. ಅಡುಗೆಮನೆಯ ರೇಡಿಯೊ ಇವರದ್ದು, ಶೆಡ್ಡಿನ ಕಾರು ಅವರದ್ದು ಎಂದು ಸಂಸಾರ ಚೆನ್ನಾಗಿಯೇ ಸಾಗಿತ್ತು.

ತಕರಾರು ಇದ್ದದ್ದು ಭಾನುವಾರ ಮಾತ್ರ. ಅವತ್ತು ಡಾಕ್ಟರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ದಾರಿ ಹಿಡಿಯುತ್ತಿದ್ದರು. ಇವರು ಮೈಮರೆತು ಯಾವುದಾದರೂ ಹಾಡಿನ ಒಂದು ಸಾಲು ಗುನುಗಿದರೆ, "ಶ್, ಒಂದು ನಿಮಿಷ, ಮೂರನೇ ಸಿಲಿಂಡರ್ ಯಾಕೋ ಸರಿಯಾಗಿ ಹೊಡೀತಿಲ್ಲ" ಅನ್ನುತ್ತಿದ್ದರು. ಆ ಒಂದು ನಿಮಿಷ ಮನೆ ಸೇರುವವರೆಗೂ ಮುಗಿಯುತ್ತಿರಲಿಲ್ಲ. ಇವರಿಗೆ ಸಿಟ್ಟು ಬರುತ್ತಿತ್ತು, ಹಾಗೆಂದು ಜಗಳ ಆಡುವಷ್ಟಲ್ಲ. ಇಂಜಿನ್ನಿಗೆ ಕಿವಿ ಕೊಟ್ಟು ಕೂತ ಗಂಡನ ಮುಖ ಎಳೆ ಮಗುವಿನ ಮುಖದಂತೆ ಇರುತ್ತಿತ್ತು. ಅದನ್ನು ನೋಡುತ್ತಾ ಸುಮ್ಮನಾಗುತ್ತಿದ್ದರು.

ಡಾಕ್ಟರು ಹೃದಯಾಘಾತವಾಗಿ ತೀರಿಕೊಂಡರು. ಕಾರು ಮುಸುಕು ಹೊದ್ದು ಶೆಡ್ಡಿನಲ್ಲಿ ಕೂತಿತು. ಮಾರಿಬಿಡಿ ಅಂದವರು ಹಲವರು. ಡಾಕ್ಟರಮ್ಮ ಮಾತ್ರ ಯಾರಿಗೂ ಹೇಳದೆ ಹೋಗಿ ಡ್ರೈವಿಂಗ್ ಶಾಲೆಗೆ ಸೇರಿದರು. ಆ ವಯಸ್ಸಿಗೆ ಕ್ಲಚ್ಚು ಬ್ರೇಕು ಒಲಿಯುವುದು ಸುಲಭವಲ್ಲ. ಕಲಿಸುವವನು ಮೊದಮೊದಲು ಬಾಗಿಲಿನ ಹಿಡಿ ಬಿಡಲೇ ಇಲ್ಲ. ಆದರೂ ಕಲಿತರು, ಲೈಸೆನ್ಸ್ ತೆಗೆದುಕೊಂಡರು, ಒಂದು ಬೆಳಗ್ಗೆ ಮುಸುಕು ತೆಗೆದು ಕಾರನ್ನು ಬೀದಿಗೆ ಇಳಿಸಿದರು. ಇಂಜಿನ್ ಶುರುವಾದ ಸದ್ದಿಗೆ ಅಕ್ಕಪಕ್ಕದ ಮನೆಯವರು, ಸತ್ತ ಡಾಕ್ಟರೇ ಎದ್ದು ಬಂದರೇನೋ ಎಂಬಂತೆ ಕಿಟಕಿಗೆ ಬಂದು ನೋಡಿದರು.

ಅವರು ಓಡಿಸುತ್ತಿದ್ದದ್ದು ಹೆಚ್ಚಾಗಿ ಅಕ್ಕನ ಹತ್ತಿರಕ್ಕೆ, ಪ್ರತಿ ಶನಿವಾರ. ಒಡಹುಟ್ಟಿದ ಅಕ್ಕ ಪಾರ್ಶ್ವವಾಯು ಹೊಡೆದ ಮೇಲೆ ಊರಿನ ಆ ತುದಿಯ ಆರೈಕೆ ಮನೆಯಲ್ಲಿದ್ದಳು. ಕೈಕಾಲು ಒಂದಿಷ್ಟು ಬಂದಿತ್ತು, ಮಾತು ಬಂದಿರಲಿಲ್ಲ. ಏನು ಕೇಳಿದರೂ "ಅದು... ಅದು..." ಎಂದು ತಡವರಿಸಿ, ಮುಂದಿನದು ಸಿಗದೆ, ಸೋತು ಬೇರೆ ಕಡೆ ನೋಡುತ್ತಿದ್ದಳು. ಹೀಗಿರುವಾಗ ಒಮ್ಮೆ ಅಲ್ಲಿನ ಅಡುಗೆಯವಳು ರೇಡಿಯೊ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದಳು. ಹಳೆಯ ಹಾಡೊಂದು ಬಂತು. ಗಾಲಿಕುರ್ಚಿಯಲ್ಲಿದ್ದ ಅಕ್ಕ ಅದರ ಜೊತೆಗೇ ಹಾಡತೊಡಗಿದಳು. ಪಲ್ಲವಿ, ಚರಣ, ಒಂದು ಅಕ್ಷರ ತಪ್ಪಿಲ್ಲ. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಕೆಲವರಿಗೆ ಹಾಗಾಗುತ್ತೆ, ಮಾತಿನ ದಾರಿ ಮುಚ್ಚಿಹೋದರೂ ಹಾಡಿನ ದಾರಿ ತೆರೆದಿರುತ್ತೆ ಎಂದು ಅಲ್ಲಿನ ನರ್ಸು ಹೇಳಿದಳು.

ಅವತ್ತೇ ಡಾಕ್ಟರಮ್ಮ ಕಾರಿಗೆ ಸ್ಟೀರಿಯೊ ಹಾಕಿಸಬೇಕೆಂದು ತೀರ್ಮಾನಿಸಿದರು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟಾಪು ಮಡಚಿ, ಗಟ್ಟಿಯಾಗಿ ಹಾಡು ಹಾಕಿಕೊಂಡು ಹೋಗಬೇಕು ಅಂತ. ಅಕ್ಕನಿಗಾಗಿ ಅನ್ನುವುದು ನಿಜವೇ. ತನಗಾಗಿ ಅನ್ನುವುದೂ ಅಷ್ಟೇ ನಿಜ.

ಸುದ್ದಿ ಮೈದುನನ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಾಕ್ಟರ ತಮ್ಮ ಅವನು, ಪಕ್ಕದ ಬೀದಿಯಲ್ಲೇ ಮನೆ. ಲೇತ್ ವರ್ಕ್‌ಶಾಪಿನಲ್ಲಿ ಜೀವಮಾನ ಸವೆಸಿದವನು. ಯಾವ ಅಂಗಿಯ ಜೇಬಿಗೆ ಕೈ ಹಾಕಿದರೂ ಎರಡು ಬೋಲ್ಟು ಸಿಗುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನ ಹೆಸರು ಬೋಲ್ಟು ಅಂತಲೇ ಆಗಿಹೋಗಿತ್ತು. ಗುಜರಿಯಿಂದ ತಂದ ಆ ಕಾರನ್ನು ಅಣ್ಣನೂ ಅವನೂ ಸೇರಿ ವರ್ಷಗಟ್ಟಲೆ ಕೂತು ಒಂದೊಂದೇ ಬಿಡಿಭಾಗ ಹೊಂದಿಸಿ ಓಡುವಂತೆ ಮಾಡಿದ್ದರು. ಅಣ್ಣ ಹೋದಮೇಲೆ ಅದನ್ನು ನೋಡಿದಾಗಲೆಲ್ಲ ಅವನು ಒಮ್ಮೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಮುಂದೆ ಹೋಗುತ್ತಿದ್ದ.

ಕಾರು ಬಿಟ್ಟುಬಂದ ಮಾರನೆಯ ದಿನ ಬೆಳಗ್ಗೆ ಡಾಕ್ಟರಮ್ಮ ಅಂಗಡಿಗೆ ಬಂದಾಗ ಬೋಲ್ಟು ಆಗಲೇ ಸ್ಟೂಲು ಎಳೆದುಕೊಂಡು ಕಾರಿನ ಪಕ್ಕ ಕೂತಿದ್ದ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಮುಂದೇನು ಎಂದು ತಿಳಿಯದೆ ನಿಂತಿದ್ದ.

"ಏನು ಅತ್ತಿಗೆ ಇದು?" ಎಂದ ಬೋಲ್ಟು.

"ಸ್ಟೀರಿಯೊ ಹಾಕಿಸ್ತಾ ಇದ್ದೀನಿ ಕಣೋ."

"ಅಣ್ಣ ಈ ಕಾರಲ್ಲಿ ಒಂದು ದಿನ ರೇಡಿಯೊ ಇಟ್ಕೊಂಡವನಲ್ಲ. ಇಂಜಿನ್ನೇ ಸಂಗೀತ ಅಂತಿದ್ದ."

"ಅಂತಿದ್ರು. ನಾನೂ ಕೇಳಿದ್ದೀನಿ. ಎಷ್ಟು ವರ್ಷ ಕೇಳಿದ್ದೀನಿ ಅಂತ ನಿನಗೂ ಗೊತ್ತು."

"ಆ ಮರದ ಡ್ಯಾಶ್‌ಬೋರ್ಡು ನೋಡಿ. ನಾನೇ ಕೂತು ಪಾಲಿಶ್ ಮಾಡಿದ್ದು. ಅದಕ್ಕೆ ಗರಗಸ ಹಾಕಿಸ್ತೀರಾ?"

ಮೆಕ್ಯಾನಿಕ್ ಮಧ್ಯೆ ಬಾಯಿ ಹಾಕಿದ. "ಗರಗಸ ಹಾಕೋ ಮಾತೇ ಇಲ್ಲ ಸಾರ್. ಸ್ಟೀರಿಯೊನ ಗ್ಲೋವ್ ಬಾಕ್ಸ್ ಒಳಗೆ ಕೂರಿಸ್ತೀನಿ, ಮುಚ್ಚಳ ಹಾಕಿದ್ರೆ ಕಾಣೋದೇ ಇಲ್ಲ. ಸ್ಪೀಕರ್‌ಗೆ ಕಾಲಿನ ಹತ್ರ ಪಕ್ಕದಲ್ಲಿ ಬೇರೆ ಹಲಗೆ ಮಾಡಿ ಕೂರಿಸ್ತೀನಿ. ಆಂಪ್ಲಿಫೈಯರ್ ಡಿಕ್ಕಿಯಲ್ಲಿ. ನಾಳೆ ಬೇಡ ಅನ್ನಿಸಿದ್ರೆ ಎಲ್ಲಾ ಬಿಚ್ಚಿ, ಮೊದಲು ಹೇಗಿತ್ತೋ ಹಾಗೆ ಮಾಡ್ಕೊಡ್ತೀನಿ."

ಮಾತಿನಲ್ಲಿ ತಪ್ಪು ಹುಡುಕಲು ಬೋಲ್ಟುವಿಗೆ ಏನೂ ಸಿಗಲಿಲ್ಲ. ಅದರಿಂದ ಅವನ ಸಿಟ್ಟು ಇನ್ನಷ್ಟು ಏರಿತು.

"ಅಷ್ಟಕ್ಕೂ ಯಾಕೆ ಬೇಕು ಅತ್ತಿಗೆ, ಅದನ್ನ ಹೇಳಿ."

ಡಾಕ್ಟರಮ್ಮ ಅಕ್ಕನ ವಿಷಯ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಆದರೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ನನಗೆ ಬೇಕು ಅನ್ನಿಸಿದೆ" ಎಂದರು.

ಬೋಲ್ಟು ಎದ್ದ, ಸ್ಟೂಲನ್ನು ಇದ್ದ ಜಾಗದಲ್ಲಿ ಇಟ್ಟ, ಹೊರಟುಹೋದ.

ಕೆಲಸ ಶುರುವಾಯಿತು. ಮೆಕ್ಯಾನಿಕ್ ಸೀಟುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಬ್ಯಾಟರಿಯಿಂದ ಹೆಬ್ಬೆರಳು ದಪ್ಪದ ಕೆಂಪು ತಂತಿ ಎಳೆದು, ಬುಡದಲ್ಲೇ ಫ್ಯೂಸ್ ಹಾಕಿ, ಎಡಗಡೆಯ ಅಂಚಿನಲ್ಲಿ ಹಿಂದಕ್ಕೆ ಒಯ್ದ. ಹಾಡು ಹರಿಯುವ ಸಣ್ಣ ತಂತಿಯನ್ನು ಬಲಗಡೆಯಿಂದ ಒಯ್ದ. ಎರಡೂ ಅಕ್ಕಪಕ್ಕ ಬಂದರೆ ಒಂದರ ಕರಕರೆ ಇನ್ನೊಂದಕ್ಕೆ ಅಂಟುತ್ತೆ ಎಂದು ಡಾಕ್ಟರಮ್ಮನಿಗೆ ವಿವರಿಸಿದ. ಎಕ್ಸ್‌ಚೇಂಜಿನಲ್ಲೂ ಹಾಗೇ ಆಗ್ತಿತ್ತು, ಒಬ್ಬರ ಲೈನಿಗೆ ಇನ್ನೊಬ್ಬರ ಜಗಳ ಬಂದು ಸೇರಿಕೊಳ್ತಿತ್ತು ಎಂದರು ಅವರು. ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಿ, ತಗಡಿನ ಬಣ್ಣ ಉಜ್ಜಿ ತೆಗೆದು, ಹೊಳೆಯುವ ಲೋಹಕ್ಕೆ ಅರ್ಥಿಂಗ್ ತಂತಿ ಬಿಗಿದ. ಆಂಪ್ಲಿಫೈಯರಿಗೆ ಬಂದ ಕರೆಂಟು ಕಾರಿನ ಬಾಡಿಯ ಮೂಲಕ ವಾಪಸ್ ಹೋಗುವ ದಾರಿ ಅದು. ನಡುನಡುವೆ ಡ್ಯಾಶ್‌ಬೋರ್ಡಿನ ಅಡಿಯಿಂದ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಆ ಕಾಲುಗಳ ಜೊತೆಗೇ ಡಾಕ್ಟರಮ್ಮ ಮಾತಾಡುತ್ತಿದ್ದರು.

ಎಲ್ಲಾ ಮುಗಿಸಿ ಹಾಡು ಹಾಕಿದಾಗ ಶೆಡ್ಡೇ ತುಂಬಿಹೋಯಿತು. ತಬಲಾದ ಒಂದೊಂದು ಪೆಟ್ಟೂ ಅಂಗಾಲಿಗೆ ಬಂದು ತಾಗಿತು. ಡಾಕ್ಟರಮ್ಮ ಕಣ್ಣು ಮುಚ್ಚಿ ಕೂತರು. ಆಮೇಲೆ ಕೀಲಿ ತಿರುಗಿಸಿ ಇಂಜಿನ್ ಶುರು ಮಾಡಿದರು.

ಹಾಡಿನ ಹಿಂದೆ ಸಣ್ಣಗೆ "ಕುಂಯ್" ಎಂದು ಒಂದು ಸದ್ದು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತಿತ್ತು, ಬಿಟ್ಟರೆ ಅದೂ ಇಳಿಯುತ್ತಿತ್ತು. ಸೊಳ್ಳೆಯೊಂದು ಕಿವಿಯೊಳಗೆ ಸಂಸಾರ ಹೂಡಿದಂತೆ.

"ಆಲ್ಟರ್ನೇಟರ್ ಸದ್ದು. ಬ್ಯಾಟರಿ ಚಾರ್ಜ್ ಮಾಡುತ್ತಲ್ಲ, ಅದರದ್ದು," ಎಂದ ಮೆಕ್ಯಾನಿಕ್. "ಸಾಮಾನ್ಯವಾಗಿ ಅರ್ಥಿಂಗ್ ಸರಿಯಿಲ್ಲದಿದ್ರೆ ಬರುತ್ತೆ. ಸರಿ ಮಾಡ್ಕೊಡ್ತೀನಿ ಅಮ್ಮ."

ಆಗಲಿಲ್ಲ. ಅರ್ಥಿಂಗ್ ಬಿಚ್ಚಿ ಮತ್ತೆ ಉಜ್ಜಿ ಕಟ್ಟಿದ. ಡಿಕ್ಕಿಯಲ್ಲೇ ಬೇರೆ ಮೂಲೆಗೆ ಹಾಕಿ ನೋಡಿದ. ಮೀಟರ್ ಹಿಡಿದರೆ ಎಲ್ಲಾ ಸರಿಯಾಗೇ ತೋರಿಸುತ್ತಿತ್ತು. ಸಣ್ಣ ತಂತಿ ಬದಲಿಸಿದ, ಆಂಪ್ಲಿಫೈಯರನ್ನೇ ಬದಲಿಸಿದ, ಸದ್ದು ತಡೆಯುವ ಫಿಲ್ಟರ್ ತಂದು ಸಿಕ್ಕಿಸಿದ. ಕುಂಯ್ ಹಾಗೇ ಇತ್ತು. ಅವನಿಗೆ ನಾಚಿಕೆಯಾಗತೊಡಗಿತು. ಡಾಕ್ಟರಮ್ಮ ಬರುವುದು ಕಂಡರೆ ಏನೋ ಹುಡುಕುವವನಂತೆ ಡಿಕ್ಕಿಯೊಳಗೆ ತಲೆ ಹಾಕಿಬಿಡುತ್ತಿದ್ದ.

ಬೋಲ್ಟು ಬರುವುದನ್ನು ನಿಲ್ಲಿಸಿರಲಿಲ್ಲ. ಈ ಕಡೆ ಬಂದಿದ್ದೆ ಎಂದು ಹೇಳಿ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು ಹೋಗುತ್ತಿದ್ದ. ಒಮ್ಮೆ ಹಾಗೆ ನಿಂತವನು ಆ ಸದ್ದು ಕೇಳಿ ಮೆಲ್ಲಗೆ ಹೇಳಿದ: "ಅಣ್ಣನಿಗೆ ಇಷ್ಟ ಇಲ್ಲ ಅತ್ತಿಗೆ."

ಡಾಕ್ಟರಮ್ಮ ಅವನ ಕಡೆ ತಿರುಗಿದರು. "ನೋಡಪ್ಪಾ, ನಿಮ್ಮಣ್ಣ ಬದುಕಿದ್ದಾಗ ಏನು ಬೇಕೋ ನೇರವಾಗಿ ಹೇಳಿದವರು. ಬೇಡ ಅಂದ್ರೆ ಬೇಡ. ಹೀಗೆ ತಂತಿಯೊಳಗೆ ಕೂತು ಕುಂಯ್‌ಗುಟ್ಟೋ ಜಾತಿ ಅಲ್ಲ ಅವರದ್ದು. ಅವರಿಲ್ಲ ಅಂತ ನಿನಗಿರೋ ಸಂಕಟ ನನಗೂ ಇದೆ. ಅದನ್ನ ಈ ಸದ್ದಿಗೆ ಕಟ್ಟಬೇಡ."

ಬೋಲ್ಟು ತಲೆ ತಗ್ಗಿಸಿಕೊಂಡು ಹೋದ.

ಅಕ್ಕನ ತಪಾಸಣೆಯ ದಿನ ಬಂತು. ಇದ್ದ ಹಾಗೇ ಕಾರು ಕೊಡು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಾಪಸ್ ಬರುವಾಗ ಅಂಗಡಿಗೇ ತರ್ತೀನಿ ಎಂದರು ಡಾಕ್ಟರಮ್ಮ. ಹೋಗುವಾಗ ಹಾಡು ಹಾಕಲಿಲ್ಲ. ಮಧ್ಯಾಹ್ನ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಶೆಡ್ಡಿನೊಳಗೆ ಬಂದರು. ಬೋಲ್ಟು ಅವತ್ತೂ ಬಾಗಿಲಲ್ಲಿದ್ದ.

ಅಕ್ಕನನ್ನು ಕಂಡು ಅವನು ಹತ್ತಿರ ಬಂದ. ಅಣ್ಣನ ಮದುವೆಯಲ್ಲಿ ಅವನನ್ನು ಕೀಟಲೆ ಮಾಡಿ ಅಳಿಸಿದವಳೂ ಆಮೇಲೆ ಸಮಾಧಾನ ಮಾಡಿದವಳೂ ಇವಳೇ. "ಹೇಗಿದ್ದೀರಿ ಅಕ್ಕ?" ಎಂದ.

"ಅದು... ಅದು..." ಎಂದಳು ಅಕ್ಕ. ಗುರುತು ಸಿಕ್ಕಿದ್ದು ಕಣ್ಣಲ್ಲಿ ಕಾಣುತ್ತಿತ್ತು, ನಾಲಿಗೆಗೆ ಏನೂ ಬರಲಿಲ್ಲ. ಅವಳು ಮುಖ ತಿರುಗಿಸಿಕೊಂಡಳು. ಬೋಲ್ಟು ಜೇಬಿನಲ್ಲಿ ಕೈ ಇಟ್ಟು ನಿಂತ.

ಮೆಕ್ಯಾನಿಕ್ ಇಂಜಿನ್ ಆರಿಸಲು ಹೇಳಿ, ಕೈ ಚಾಚಿ ಸ್ಟೀರಿಯೊ ಹಚ್ಚಿದ. ಇಂಜಿನ್ ನಿಂತಿದ್ದರೆ ಆ ಸದ್ದು ಇರುತ್ತಿರಲಿಲ್ಲ. ಕೊಳಲಿನಿಂದ ಶುರುವಾಗುವ ಹಳೆಯ ಹಾಡೊಂದು ತಿಳಿನೀರಿನಂತೆ ಹೊರಬಂತು. ಎರಡು ಸಾಲು ದಾಟುವಷ್ಟರಲ್ಲಿ ಅಕ್ಕ ಹಾಡತೊಡಗಿದಳು. ದನಿ ಒರಟಾಗಿತ್ತು, ಅಲ್ಲಲ್ಲಿ ಉಸಿರು ಸಾಲುತ್ತಿರಲಿಲ್ಲ. ಮಾತುಗಳು ಮಾತ್ರ ಒಂದರ ಹಿಂದೊಂದು ಸಾಲಾಗಿ ಬರುತ್ತಿದ್ದವು. ಡಾಕ್ಟರಮ್ಮ ಸ್ಟೀರಿಂಗ್ ಹಿಡಿದುಕೊಂಡೇ ಮೆಲ್ಲಗೆ ದನಿಗೂಡಿಸಿದರು.

ಬೋಲ್ಟುವಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಅಕ್ಕನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ಮತ್ತೆ ಅಕ್ಕನ ಮುಖ ನೋಡಿದ. ಮೆಕ್ಯಾನಿಕ್ ಬಟ್ಟೆಯಲ್ಲಿ ಕೈ ಒರೆಸುತ್ತಾ ಇದ್ದವನು ಒರೆಸುವುದನ್ನು ನಿಲ್ಲಿಸಿದ್ದ.

"ಈಗ ಇಂಜಿನ್ ಶುರು ಮಾಡಿ ಅಮ್ಮ, ಎಲ್ಲಿಂದ ಬರುತ್ತೆ ನೋಡ್ತೀನಿ," ಎಂದ ಅವನು.

ಇಂಜಿನ್ ಶುರುವಾಯಿತು. ಕುಂಯ್ ಸದ್ದು ಹಾಡಿನ ಮೇಲೆ ಹತ್ತಿ ಕೂತಿತು. ಅಕ್ಕನ ಹಾಡು ಎಡವಿತು. ಮುಂದಿನ ಸಾಲು ಸಿಗದೆ ತುಟಿ ಅದುರಿತು. ಚೆನ್ನಾಗಿದ್ದ ಕೈಯನ್ನು ಕಿವಿಗೆ ಒತ್ತಿಕೊಂಡು, "ಅದು... ಅದು..." ಎಂದಳು.

ಡಾಕ್ಟರಮ್ಮ ಕೂಡಲೇ ಕೀಲಿ ತಿರುಗಿಸಿ ಇಂಜಿನ್ ಆರಿಸಿ ಅಕ್ಕನ ಬೆನ್ನು ಸವರಿದರು. "ಏನಿಲ್ಲ ಅಕ್ಕ, ಏನಿಲ್ಲ. ಆಮೇಲೆ ಹಾಡೋಣ."

ಬೋಲ್ಟು ಹೋಗಿ ಡಿಕ್ಕಿಯ ಮುಚ್ಚಳ ಎತ್ತಿದ.

"ಅರ್ಥಿಂಗ್ ಇಲ್ಲಿಗೆ ಕೊಟ್ಟಿದ್ದೀರಾ?" ಎಂದು ಮೆಕ್ಯಾನಿಕ್‌ನನ್ನು ಕೇಳಿದ.

"ಹೌದು ಸಾರ್. ಬಣ್ಣ ತೆಗೆದು ಬಿಗಿದಿದ್ದೀನಿ. ಮೀಟರಲ್ಲಿ ಸರಿಯಾಗೇ ತೋರಿಸುತ್ತೆ."

"ತೋರಿಸುತ್ತೆ. ಆದ್ರೆ ಈ ತಗಡು ಕಾರಿಂದಲ್ಲ. ಹಳೇದು ತುಕ್ಕು ತಿಂದು ಜರಡಿ ಆಗಿತ್ತು. ನಾನೂ ಅಣ್ಣನೂ ಹೊಸದು ಕತ್ತರಿಸಿ ಕೂರಿಸಿದ್ವಿ. ಮತ್ತೆ ತುಕ್ಕು ಹಿಡೀಬಾರ್ದು ಅಂತ ಅಣ್ಣ ಸುತ್ತ ಅಂಟು ಹಚ್ಚಿ, ಮೇಲೆ ರಿವೆಟ್ ಹೊಡೆಸಿದ. ಬಾಡಿಗೂ ಇದಕ್ಕೂ ಆ ನಾಲ್ಕು ರಿವೆಟ್ಟಿನಷ್ಟೇ ಸಂಬಂಧ. ಜಾಸ್ತಿ ಕರೆಂಟ್ ಎಳೆದ್ರೆ ಅದು ಸಾಲೋದಿಲ್ಲ. ನೀವು ಈ ಡಿಕ್ಕಿಯಲ್ಲಿ ಯಾವ ಮೂಲೆಗೆ ಕಟ್ಟಿದ್ರೂ ಅಷ್ಟೇ."

ಮೆಕ್ಯಾನಿಕ್ ಹಣೆ ಹಣೆ ಚಚ್ಚಿಕೊಂಡ. "ಅದಕ್ಕೇ. ಬಣ್ಣ ಹೊಡೆದ ಮೇಲೆ ಗೊತ್ತೇ ಆಗೋದಿಲ್ಲ ಸಾರ್. ಮತ್ತೆ ಎಲ್ಲಿಗೆ ಕೊಡ್ಲಿ?"

"ಎಡಗಡೆ ಸೀಟಿನ ಅಡಿ. ಅಲ್ಲಿ ಅಸಲಿ ಚಾಸಿ ಬರುತ್ತೆ. ತೋರಿಸ್ತೀನಿ."

ಎಡಗಡೆಯ ಸೀಟಿನಲ್ಲಿ ಅಕ್ಕ ಕೂತಿದ್ದಳು. ಅವಳನ್ನು ಮೆಲ್ಲಗೆ ಇಳಿಸಿ ಅಂಗಡಿಯ ಒಳಗೆ ಫ್ಯಾನಿನ ಕೆಳಗೆ ಕೂರಿಸಿದರು. ಬೋಲ್ಟು ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಬನಿಯನ್ನಿನಲ್ಲೇ ನೆಲದ ಮೇಲೆ ಮಂಡಿಯೂರಿದ. ಸೀಟು ಎತ್ತಿದರು. ಒಬ್ಬ ಉಜ್ಜಿದ, ಒಬ್ಬ ಲೈಟು ಹಿಡಿದ. ತಂತಿ ಬಿಗಿಯಲು ಮೆಕ್ಯಾನಿಕ್ ಕೊಟ್ಟ ಬೋಲ್ಟು ಗಿಡ್ಡವಾಯಿತೆಂದು ಮೈದುನ ಮೊಳೆಯಲ್ಲಿದ್ದ ತನ್ನದೇ ಅಂಗಿಯ ಜೇಬು ತಡಕಿ ಬೇರೊಂದು ತಂದ. ಅದು ಕೂತಿತು. ಮೆಕ್ಯಾನಿಕ್ ನಗಲೋ ಬೇಡವೋ ಎಂದು ಡಾಕ್ಟರಮ್ಮನ ಕಡೆ ನೋಡಿದ. ಅವರೇ ಮೊದಲು ನಕ್ಕರು.

ಮೆಕ್ಯಾನಿಕ್ ಡಿಕ್ಕಿಯ ಕಡೆ ಹೋದಾಗ ಬೋಲ್ಟು ನೆಲ ನೋಡಿಕೊಂಡೇ ಹೇಳಿದ: "ಸದ್ದು ಕೇಳಿದ ದಿನಾನೇ ನನಗೆ ಗೊತ್ತಾಗಿತ್ತು ಅತ್ತಿಗೆ, ಈ ತಗಡಿಂದೇ ಅಂತ. ಸುಮ್ನಿದ್ದೆ."

"ಇರಬಹುದು ಅಂದ್ಕೊಂಡಿದ್ದೆ."

"ಅಕ್ಕನಿಗಾಗಿ ಅಂತ ಒಂದು ಮಾತು ಹೇಳಿದ್ರೆ ನಾನು ಯಾಕೆ ಬೇಡ ಅಂತಿದ್ದೆ?"

"ಅಂತಿರಲಿಲ್ಲ, ಗೊತ್ತು. ಅದಕ್ಕೇ ಹೇಳಲಿಲ್ಲ. ಅಕ್ಕನಿಗೆ ಅಂದ್ರೆ ಸರಿ, ನನಗೆ ಅಂದ್ರೆ ತಪ್ಪಾ? ನಿಮ್ಮಣ್ಣನ ಪಕ್ಕ ಅಷ್ಟು ವರ್ಷ ಬಾಯಿ ಮುಚ್ಚಿ ಕೂತೆ. ಬೇಜಾರಿಂದ ಅಲ್ಲ, ಅವರ ಖುಷಿ ನೋಡೋಕೆ. ಇನ್ನು ಮೇಲೆ ನನ್ನ ಖುಷಿ ನಾನೇ ನೋಡ್ಕೋಬೇಕು. ನೀನೂ ಸ್ವಲ್ಪ ನೋಡಿದ್ರೆ ಸಂತೋಷ."

ಬೋಲ್ಟು ತಲೆಯಾಡಿಸಿದ. ಕಣ್ಣು ತುಂಬಿತ್ತು. ಎಣ್ಣೆ ಕೈಯಲ್ಲೇ ಒರೆಸಿಕೊಂಡು ಕೆನ್ನೆಯನ್ನೆಲ್ಲ ಕಪ್ಪು ಮಾಡಿಕೊಂಡ. "ಅಣ್ಣನ ಜೊತೆ ಮಾಡಿದ ಕೆಲಸ ಅಂತ ನನ್ನ ಹತ್ರ ಉಳಿದಿರೋದು ಇದೊಂದೇ ಅತ್ತಿಗೆ. ಎಲ್ಲಿ ಅದನ್ನೂ ಕೆಡಿಸಿಬಿಡ್ತಾರೋ ಅನ್ನಿಸ್ತು."

"ಕೆಡಲಿಲ್ಲವಲ್ಲ," ಎಂದು ಡಾಕ್ಟರಮ್ಮ ಸೆರಗಿನಿಂದ ಅವನ ಕೆನ್ನೆ ಒರೆಸಿದರು. ಕಪ್ಪು ಇನ್ನಷ್ಟು ಹರಡಿತು.

ಸೀಟು ಕೂರಿಸಿ ಇಂಜಿನ್ ಶುರು ಮಾಡಿದರು. ಹಾಡು ಹಾಕಿದರು. ಮೆಕ್ಯಾನಿಕ್ ಸ್ಪೀಕರಿಗೆ ಕಿವಿ ಹಚ್ಚಿ ಕೂತ. ಆಕ್ಸಿಲರೇಟರ್ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಇಂಜಿನ್ ಗುಡುಗುತ್ತಿತ್ತು, ಹಾಡು ಹರಿಯುತ್ತಿತ್ತು, ನಡುವೆ ಬೇರೇನೂ ಇರಲಿಲ್ಲ. ಮೆಕ್ಯಾನಿಕ್ ಕಾರಿನ ಬುಡದಲ್ಲೇ ಕಾಲು ಚಾಚಿ ಕೂತು ಉಸ್ಸೆಂದ. ಎಷ್ಟೋ ದಿನದಿಂದ ಊಟ ಸರಿಯಾಗಿ ಸೇರಿರಲಿಲ್ಲ ಎಂದ. ಅವನ ಹೊಟ್ಟೆ ನೋಡಿ ಅದನ್ನು ಯಾರೂ ನಂಬಲಿಲ್ಲ.

ಅಕ್ಕನನ್ನು ಮತ್ತೆ ಕೂರಿಸಿ, ಬೆಲ್ಟು ಹಾಕಿ, ಗಾಳಿಗೆ ಕೂದಲು ಹಾರದಂತೆ ತಲೆಗೆ ವಸ್ತ್ರ ಕಟ್ಟಿ ಡಾಕ್ಟರಮ್ಮ ಹೊರಟರು. ಆರೈಕೆ ಮನೆಗೆ ನೇರವಾಗಿ ಹೋಗಲಿಲ್ಲ. ಊರಾಚೆಯ ಉದ್ದನೆಯ ರಸ್ತೆ ಹಿಡಿದರು. ಮೊದಲ ಹಾಡಿಗೆ ಅಕ್ಕ ಸುಮ್ಮನಿದ್ದಳು. ಕಿವಿಗೆ ಕೈ ಹೋಗಬೇಕೋ ಬೇಡವೋ ಎಂದು ಅನುಮಾನಿಸುತ್ತಿರುವಂತೆ ಕಂಡಳು. ಎರಡನೆಯದಕ್ಕೆ ತುಟಿ ಅಲುಗಿತು. ಮೂರನೆಯದು ಅವಳು ಹುಡುಗಿಯಾಗಿದ್ದಾಗ ಬಟ್ಟೆ ಒಗೆಯುತ್ತಾ ಹಾಡುತ್ತಿದ್ದ ಹಾಡು. ಗಾಳಿಯನ್ನೂ ಇಂಜಿನ್ನನ್ನೂ ಮೀರಿಸಿ ಹಾಡಿದಳು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಕಿಟಕಿಗಳಿಂದ ಜನ ಇಣುಕಿದರು. ಒಬ್ಬಾಕೆ ಕೈ ಬೀಸಿದಳು. ಅಕ್ಕ ಹಾಡು ನಿಲ್ಲಿಸದೆಯೇ ತಾನೂ ಕೈ ಬೀಸಿದಳು. ಡಾಕ್ಟರಮ್ಮ ಅರ್ಧ ಅಳುತ್ತಾ ಅರ್ಧ ಹಾಡುತ್ತಾ ಇದ್ದುದರಿಂದ ಹಸಿರು ದೀಪ ಬಂದದ್ದು ತಿಳಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದ ಮೇಲೇ ಹೊರಟರು.

ಮಾತು ಅವಳಿಗೆ ವಾಪಸ್ ಬಂತು ಎಂದೇನಲ್ಲ. ಆರೈಕೆ ಮನೆಯ ಬಾಗಿಲಲ್ಲಿ ನರ್ಸು ಎಲ್ಲಿ ಹೋಗಿದ್ರಿ ಎಂದು ಕೇಳಿದಾಗ ಅಕ್ಕ "ಅದು... ಅದು..." ಎಂದಳು. ಆದರೆ ಈ ಸಲ ಮುಖ ತಿರುಗಿಸಿಕೊಳ್ಳಲಿಲ್ಲ. ಕಾರಿನ ಕಡೆ ಬೆರಳು ತೋರಿಸಿ ನಕ್ಕಳು.

ಡಾಕ್ಟರಮ್ಮ ಮನೆಗೆ ಬಂದಾಗ ಗೇಟಿನ ಹತ್ತಿರ ಬೋಲ್ಟು ಕಾಯುತ್ತಿದ್ದ. ಕೆನ್ನೆ ತೊಳೆದುಕೊಂಡು, ಬೇರೆ ಅಂಗಿ ಹಾಕಿಕೊಂಡು ಬಂದಿದ್ದ.

"ಸರಿಯಾಗಿತ್ತಾ ಅತ್ತಿಗೆ?"

"ಚೆನ್ನಾಗಿತ್ತು. ರಸ್ತೆ ಹಾಳಾಗಿರೋ ಕಡೆ ಮಾತ್ರ ಬಲಗಡೆ ಸ್ಪೀಕರಿನ ಹಲಗೆ ಒಂಚೂರು ಟಕಟಕ ಅನ್ನುತ್ತೆ."

ಬೋಲ್ಟು ಕಾರಿನ ಬಾಗಿಲು ತೆಗೆದು, ಬಗ್ಗಿ, ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದ. "ಹಿಂದೆ ಫೆಲ್ಟ್ ಬಟ್ಟೆ ಅಂಟಿಸಿಲ್ಲ ಅವನು," ಎಂದ. "ಮನೇಲಿ ಒಂದು ತುಂಡಿದೆ. ನಾಳೆ ಬೆಳಗ್ಗೆ ತರ್ತೀನಿ. ನೀವು ಶನಿವಾರ ಅಕ್ಕನ ಹತ್ರ ಹೊರಡೋದ್ರೊಳಗೆ ಆಗಿಹೋಗುತ್ತೆ."